ಮನೆಯ ಇಂಟರ್ನೆಟ್ ವೇಗ ಕುಸಿತ: ರೂಟರ್ ಸುತ್ತಲಿನ ದೋಷಪತ್ತೆ

ಹಣ ಕಟ್ಟಿ ಪಡೆದ ವೇಗಕ್ಕಿಂತ ತೀರ ಕಡಿಮೆ ವೇಗ ಫೋನು, ಲ್ಯಾಪ್‌ಟಾಪ್‌ಗಳಿಗೆ ಸಿಗುವುದು ರೂಟರ್ ಇರುವ ಮನೆಗಳ ಸಾಮಾನ್ಯ ತೊಂದರೆ. ಇಂಟರ್ನೆಟ್ ಮನೆಗೆ ಬರುವ ದಾರಿಯನ್ನು ಮೂರು ತುಂಡಾಗಿ ನೋಡಬಹುದು: ಕಂಪನಿಯಿಂದ ಮನೆಯ ಓಎನ್‌ಟಿ (ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ) ಪೆಟ್ಟಿಗೆಯವರೆಗಿನ ಫೈಬರ್, ಅಲ್ಲಿಂದ ರೂಟರ್‌ಗೆ ಹೋಗುವ ತಾಮ್ರದ ಕೇಬಲ್, ರೂಟರ್‌ನಿಂದ ಫೋನಿನವರೆಗಿನ ವೈಫೈ. ಎಷ್ಟೋ ಮನೆಗಳಲ್ಲಿ ಓಎನ್‌ಟಿ, ರೂಟರ್ ಎರಡೂ ಒಂದೇ ಪೆಟ್ಟಿಗೆಯೊಳಗಿರುತ್ತವೆ. ಅಡಚಣೆ ಯಾವ ತುಂಡಿನಲ್ಲಿದೆ ಎಂದು ನೋಡದೆ ಪ್ಲಾನ್ ಏರಿಸುವುದು, ಕಂಪನಿ ಬದಲಿಸುವುದು ಬಹುತೇಕ ದಂಡದ ಖರ್ಚು. ಏಕೆಂದರೆ ದೋಷ ಅನೇಕ ಸಲ ಮನೆಯೊಳಗೇ ಇರುತ್ತದೆ.

ಅಳೆಯುವ ಮುನ್ನ ಲೆಕ್ಕ ಸರಿಯಾಗಿರಬೇಕು. ಪ್ಲಾನಿನ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಡೌನ್‌ಲೋಡ್ ಕಿಟಕಿ ಸಾಮಾನ್ಯವಾಗಿ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. 8 ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಆಸುಪಾಸು ಬಂದರೆ ಅದು ಪೂರ್ಣ ವೇಗವೇ. ತಿಂಗಳ ಡೇಟಾ ಮಿತಿ ಮುಗಿದಿದ್ದರೆ ಕಂಪನಿಯೇ ವೇಗ ಇಳಿಸಿರುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಬೇಕು. ನಂತರದ ಪರೀಕ್ಷೆ ಸರಳ. ಮನೆಯವರ ಫೋನುಗಳ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಸಿಕ್ಕಿಸಿ ವೇಗ ಅಳೆಯಬೇಕು. ಕೇಬಲ್‌ನಲ್ಲಿ ಪೂರ್ತಿ ಬಂದು ಫೋನಿನಲ್ಲಿ ಬಾರದಿದ್ದರೆ ತೊಂದರೆ ವೈಫೈಯದು. ಕೇಬಲ್‌ನಲ್ಲೂ ಬಾರದಿದ್ದರೆ ಕೇಬಲ್, ರೂಟರ್ ಅಥವಾ ಹೊರಗಿನ ಲೈನಿನದು.

ಕೇಬಲ್ ದೋಷವನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎತರ್‌ನೆಟ್ ಕೇಬಲ್‌ನಲ್ಲಿ 8 ಎಳೆಗಳು 4 ಜೋಡಿಯಾಗಿ ಹೊಸೆದುಕೊಂಡಿರುತ್ತವೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಎರಡು ಜೋಡಿ ಸಾಕು. 1, 2, 3 ಮತ್ತು 6ನೇ ಪಿನ್ನುಗಳಷ್ಟೇ ಕೆಲಸ ಮಾಡುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಉಳಿದ ಎಳೆಗಳಲ್ಲಿ ಒಂದು ಕಿಟಕಿಯ ಮೂಲೆಯಲ್ಲಿ ಮಡಚಿ ಮುರಿದರೂ, ಇಲಿ ಕಡಿದರೂ, ಜಾಕಿನೊಳಗೆ ಸರಿಯಾಗಿ ಕ್ರಿಂಪ್ ಆಗದಿದ್ದರೂ ಸಂಪರ್ಕ ಕಡಿದುಹೋಗುವ ಬದಲು 100ಕ್ಕೆ ಇಳಿದು ನಡೆಯುತ್ತಲೇ ಇರಬಹುದು. ಯಾವ ಎಚ್ಚರಿಕೆಯೂ ಬರುವುದಿಲ್ಲ. 300 ಎಂಬಿಪಿಎಸ್ ಪ್ಲಾನಿದ್ದೂ ಪರೀಕ್ಷೆ ಪ್ರತಿಸಲ 94ರ ಹತ್ತಿರವೇ ನಿಂತರೆ ಗುಮಾನಿ ಇಲ್ಲಿಗೇ ಬರಬೇಕು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟಿಂಗ್‌ನಲ್ಲಿ ಲಿಂಕ್ ವೇಗ 1000 ಇದೆಯೋ 100 ಇದೆಯೋ ಎಂದು ಕಾಣುತ್ತದೆ. ಒಳ್ಳೆಯ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿದ ಮೇಲೂ 100 ಎಂದೇ ತೋರಿಸಿದರೆ ರೂಟರಿನ ಅಥವಾ ಲ್ಯಾಪ್‌ಟಾಪಿನ ಪೋರ್ಟೇ ಅಷ್ಟರದು. ಅಗ್ಗದ ರೂಟರ್‌ಗಳಲ್ಲಿ ಇದು ಸಾಮಾನ್ಯ.

ವೈಫೈ ವಿಷಯದಲ್ಲಿ ರೂಟರ್ ಇಟ್ಟ ಜಾಗವೇ ಮುಖ್ಯ. ಲೈನ್ ಒಳಗೆ ಬಂದ ಬಾಗಿಲ ಪಕ್ಕದಲ್ಲೋ ಟಿವಿ ಹಿಂದೆಯೋ ಕಬ್ಬಿಣದ ಬೀರುವಿನ ಮೇಲೋ ಅದನ್ನು ಇಟ್ಟಿರುತ್ತಾರೆ. ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇಡುವುದು ಸರಿ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತದೆ, ಆದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದು ರೂಢಿಯಲ್ಲಿ ಬಳಸುವುದು 1, 6, 11 ಈ ಮೂರನ್ನೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ಮನೆಯ ರೂಟರ್‌ಗಳು ಇವುಗಳಲ್ಲೇ ನುಗ್ಗಾಡುತ್ತವೆ. ಮೈಕ್ರೋವೇವ್ ಓವನ್ನೂ ಇದೇ ಆವರ್ತನದ ಆಸುಪಾಸಿನದು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು. ಭಾರತ ಸರ್ಕಾರ 2018ರಲ್ಲಿ ಈ ಆವರ್ತನ ಪಟ್ಟಿಯಲ್ಲಿ ಪರವಾನಗಿ ಬೇಕಿಲ್ಲದ ಭಾಗವನ್ನು ಬಹಳಷ್ಟು ಹಿಗ್ಗಿಸಿತು. ಆದರೆ 5 ಗಿಗಾಹರ್ಟ್ಸ್ ಅಲೆ ಕಾಂಕ್ರೀಟಿಗೂ, ಕರಾವಳಿ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಗೂ ಬೇಗ ಸೋಲುತ್ತದೆ. ಅಂಥ ಮನೆಗೆ ಎರಡನೆಯ ವೈಫೈ ಪೆಟ್ಟಿಗೆ ಬೇಕೇ ಬೇಕೆಂದಾದರೆ ಕೇಬಲ್ ಎಳೆದು ಇಡುವುದು ಮೇಲು. ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳುವ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ರೂಟರಿನ ವೈಫೈ ಸೆಟಿಂಗ್‌ನಲ್ಲಿ ಹಳೆಯ ಟಿಕೆಐಪಿ ಭದ್ರತೆ ಆಯ್ಕೆಯಾಗಿದ್ದರೆ ಎಷ್ಟೋ ಸಾಧನಗಳು 54 ಎಂಬಿಪಿಎಸ್ ದಾಟುವುದಿಲ್ಲ, ಡಬ್ಲ್ಯೂಪಿಎ2 ಎಇಎಸ್‌ಗೆ ಬದಲಿಸಬೇಕು.

ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂದರೂ ವಿಡಿಯೊ ಕರೆ ತಡವರಿಸುವುದು ಬೇರೆಯದೇ ರೋಗ. ಒಬ್ಬರ ಫೋನು ಫೋಟೊಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ಆ ಪ್ಯಾಕೆಟ್‌ಗಳು ರೂಟರಿನ ಬಫರಿನಲ್ಲಿ ಸಾಲುಗಟ್ಟುತ್ತವೆ. ಕರೆಯ ಪುಟ್ಟ ಪ್ಯಾಕೆಟ್ ಅವುಗಳ ಹಿಂದೆ, ರೇಷನ್ ಅಂಗಡಿಯ ಸಾಲಿನಲ್ಲಿ ಕೊನೆಗೆ ಬಂದವರಂತೆ, ಕಾಯಬೇಕಾಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು ಎಲ್ಲರ ಗಮನಕ್ಕೆ ತಂದವರು ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಈ ಸಾಲು ಬೆಳೆಯದಂತೆ ತಡೆಯುವ ಕೋಡೆಲ್ ಎಂಬ ಪರಿಹಾರ ಕೊಟ್ಟರು. ಬ್ಯಾಕಪ್ ನಡೆಯುವಾಗ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) 20 ಮಿಲಿಸೆಕೆಂಡಿನಿಂದ ನೂರಾರಕ್ಕೆ ಜಿಗಿದರೆ ರೋಗ ಇದೇ. ರೂಟರಿನಲ್ಲಿ ಕೋಡೆಲ್‌ನಂಥ ವಿಧಾನ ಬಳಸುವ ಎಸ್‌ಕ್ಯೂಎಂ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ, ಮಿತಿಯನ್ನು ಲೈನಿನ ನಿಜ ವೇಗಕ್ಕಿಂತ ತುಸು ಕೆಳಗಿಡಬೇಕು.

ಇಷ್ಟೆಲ್ಲ ಸರಿಯಿದ್ದೂ ಕೇಬಲ್ ಪರೀಕ್ಷೆ ಸೋತರೆ ದೋಷ ಹೊರಗಿನದು. ಓಎನ್‌ಟಿಯ ಎಲ್ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಫೈಬರ್ ಬಿಗಿಯಾಗಿ ಮಡಚಿದ್ದರೂ ಬೆಳಕು ಸೋರಿಹೋಗುತ್ತದೆ. ಸಂಜೆ ಮಾತ್ರ ನಿಧಾನವಾದರೆ ಅದು ಕಂಪನಿಯ ಜಾಲದ ದಟ್ಟಣೆಯ ಲಕ್ಷಣ. ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ ವೇಗವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಬೆಳಗ್ಗೆ ಮತ್ತು ರಾತ್ರಿ ಕೇಬಲ್‌ನಲ್ಲಿ ಅಳೆದ ವೇಗವನ್ನು ಸಮಯ ಸಹಿತ ಬರೆದಿಟ್ಟು ದೂರು ಕೊಟ್ಟು, ಡಾಕೆಟ್ ಸಂಖ್ಯೆ ಪಡೆಯಬೇಕು. ದೂರಿಗೆ ಪರಿಹಾರ ಸಿಗದಿದ್ದರೆ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ಆ ಸಂಖ್ಯೆಯ ಆಧಾರದಲ್ಲಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.