ಶಾಲೆಗಳಲ್ಲಿ ಕಾರ್ಯಶಿಕ್ಷಣ ಮತ್ತು ಉದ್ಯಮಶೀಲತೆ: ರಾಮನಗರ ಸೀಮೆಯ ಇತಿಹಾಸ

ವಿದ್ಯಾರ್ಥಿಗಳು ಪುಸ್ತಕದ ಪಾಠದೊಡನೆ ತಮ್ಮ ಕೈಯಿಂದಲೇ ಉಪಯುಕ್ತವಾದ ವಸ್ತುವೊಂದನ್ನು ನಿರ್ಮಿಸಿ, ಅದಕ್ಕೆ ಬೇಕಾದ ದ್ರವ್ಯವನ್ನು ಪ್ರಕೃತಿಗೆ ಹಾನಿಯಾಗದಂತೆ ಸಂಗ್ರಹಿಸಿ, ಅದರ ವೆಚ್ಚವನ್ನೂ ಬೆಲೆಯನ್ನೂ ತಾವೇ ಗಣಿಸಿ, ಕೊಳ್ಳುವವರ ಮುಂದಿಡುವುದರ ಮೂಲಕ ನೂತನ ಕಲ್ಪನೆಯನ್ನೂ ಉದ್ಯಮಶೀಲತೆಯನ್ನೂ ಅಭ್ಯಾಸಮಾಡುವ ಶಿಕ್ಷಣಕ್ರಮವನ್ನು ಈ ಲೇಖನದಲ್ಲಿ ಕಾರ್ಯಶಿಕ್ಷಣವೆಂದು ಕರೆಯಲಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇವು ಪ್ರಧಾನ ತಾಲ್ಲೂಕುಗಳಾಗಿರುವ ಜಿಲ್ಲೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ನಾಮಾಂತರವನ್ನು ಪಡೆಯಿತು. ರೇಷ್ಮೆ, ಅರಗಿನ ಬೊಂಬೆ, ರಾಗಿ, ತೆಂಗು, ಮಾವುಗಳಿಗೆ ಹೆಸರಾದ ಈ ಸೀಮೆಯಲ್ಲಿ ಕಾರ್ಯಶಿಕ್ಷಣದ ಇತಿಹಾಸವೆಂದರೆ ಕೈಯ ಕೌಶಲ, ನೆಲದ ದ್ರವ್ಯ, ಮಾರುಕಟ್ಟೆಯ ಲೆಕ್ಕ ಎಂಬ ಮೂರು ಅಂಗಗಳು ಒಮ್ಮೆ ಒಂದಾಗಿದ್ದು, ಅನಂತರ ಅಗಲಿ, ಮತ್ತೆ ಕೂಡಲು ಯತ್ನಿಸುತ್ತಿರುವ ಇತಿಹಾಸವೆಂದೇ ಹೇಳಬಹುದು.

ಪೂರ್ವಸ್ಥಿತಿ

ಸಾರ್ವತ್ರಿಕ ಶಾಲೆಗಳು ಹುಟ್ಟುವುದಕ್ಕೆ ಮೊದಲು ಕುಶಲಕರ್ಮಿಯ ಮನೆಯೇ ಮಕ್ಕಳ ಪಾಠಶಾಲೆಯಾಗಿದ್ದಿತು. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರ ಸಮಾಧಿಯು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವುದು 2015ರಲ್ಲಿ ಬೆಳಕಿಗೆ ಬಂದಿತಷ್ಟೆ. ಅವರು ಕಟ್ಟಿಸಿದ ಬೆಂಗಳೂರಿನಲ್ಲಿ ಅಕ್ಕಿ, ಅರಳೆ, ಮಡಕೆ, ಎಣ್ಣೆ ಮೊದಲಾದ ಒಂದೊಂದು ಕಸುಬು ವ್ಯಾಪಾರಗಳಿಗೆ ಒಂದೊಂದು ಪೇಟೆಯೆಂಬ ವ್ಯವಸ್ಥೆ ಬೆಳೆದುದನ್ನು ನೋಡಿದರೆ, ವಸ್ತುವನ್ನು ಮಾಡುವ ಸ್ಥಳವೂ ಮಾರುವ ಸ್ಥಳವೂ ಎಷ್ಟು ಸಮೀಪದಲ್ಲಿದ್ದುವೆಂಬುದು ತಿಳಿಯುತ್ತದೆ. ಅಂಥ ಬೀದಿಯಲ್ಲಿ ಬೆಳೆದ ಬಾಲಕನು ಮಣ್ಣನ್ನು ಹದಮಾಡುವುದನ್ನೂ ಕೊಳ್ಳುವವನ ಮನವನ್ನರಿಯುವುದನ್ನೂ ಒಂದೇ ಜಗಲಿಯ ಮೇಲೆ ಕಲಿಯುತ್ತಿದ್ದನು. ಆದರೆ ಈ ಕಲಿಕೆ ಜಾತಿಯ ಎಲ್ಲೆಯನ್ನು ದಾಟುತ್ತಿರಲಿಲ್ಲ. ಅಕ್ಷರವಿದ್ಯೆಯೂ ಹಸ್ತಕೌಶಲವೂ ಬೇರೆ ಬೇರೆ ಮನೆಗಳ ಸ್ವತ್ತಾಗಿದ್ದುವು. ಹೆಣ್ಣುಮಕ್ಕಳು ಮನೆಯ ಕಸುಬಿನಲ್ಲಿ ಸಮನಾಗಿ ದುಡಿದರೂ ಮಾರಾಟದ ಲೆಕ್ಕ ಅವರ ಕೈಗೆ ಬರುತ್ತಿದ್ದುದು ವಿರಳ.

ಮೈಸೂರು ಸಂಸ್ಥಾನದ ಕೈಗಾರಿಕಾ ಶಾಲೆಗಳು

ಕಸುಬನ್ನು ಕುಲದಿಂದ ಬಿಡಿಸಿ ಶಾಲೆಗೆ ತಂದ ಪ್ರಮುಖ ಪ್ರಯತ್ನ ಮೈಸೂರು ಸಂಸ್ಥಾನದ್ದು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನ, 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕೈಗಾರಿಕಾ ನೀತಿ, 1913ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಇವೆಲ್ಲವೂ ಒಂದೇ ಕಾಲದಲ್ಲಿ ಕೂಡಿಬಂದುದರಿಂದ, ವಿದ್ಯಾಭ್ಯಾಸವು ಜೀವನೋಪಾಯಕ್ಕೂ ದಾರಿಯಾಗಬೇಕೆಂಬ ಭಾವನೆ ರಾಜ್ಯದ ನೀತಿಯಲ್ಲಿ ನೆಲೆಗೊಂಡಿತು. ಬಡಗಿತನ, ಕಮ್ಮಾರಿಕೆ, ನೇಯ್ಗೆಗಳನ್ನು ಹೇಳಿಕೊಡುವ ಕೈಗಾರಿಕಾ ಶಾಲೆಗಳು ಸಂಸ್ಥಾನದ ಅನೇಕ ಪಟ್ಟಣಗಳಲ್ಲಿ ನಡೆದುವು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಚನ್ನಪಟ್ಟಣದಲ್ಲಿಯೂ ಅರಗಿನ ಕೆಲಸಕ್ಕೆ ಇಂಥ ಸರ್ಕಾರಿ ಪ್ರೋತ್ಸಾಹ ದೊರೆಯಿತು.

ಚನ್ನಪಟ್ಟಣದ ಬೊಂಬೆಯ ಚರಿತ್ರೆ ಈ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹ. ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಕರ್ಮಿಗಳನ್ನು ಕರೆಸಿದನೆಂಬ ಐತಿಹ್ಯವೂ, ಬವಾಸ್ ಮಿಯಾ ಎಂಬ ಕುಶಲಿಯು ಜಪಾನಿನ ಅರಗಿನ ಪದ್ಧತಿಯನ್ನು ತಂದು ಊರಿನವರಿಗೆ ಕಲಿಸಿದನೆಂಬ ಪರಂಪರಾಗತ ವೃತ್ತಾಂತವೂ ಇಲ್ಲಿ ಪ್ರಚಲಿತವಾಗಿವೆ. ಹೊರಗಿನ ತಂತ್ರವು ಒಳಗಿನ ದ್ರವ್ಯದೊಡನೆ ಬೆರೆತುದೇ ಇಲ್ಲಿಯ ನಾವೀನ್ಯ. ಬಿಳುಪಾಗಿಯೂ ಮೃದುವಾಗಿಯೂ ಇರುವ ಹಾಲೆ ಮರವನ್ನು ಒಣಗಿಸಿ, ಯಂತ್ರದ ಮೇಲೆ ಕಡೆದು, ಸುತ್ತುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದೊಡನೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನಂಟಿಕೊಳ್ಳುತ್ತದೆ. ಬಳಿಕ ಕೇದಗೆಯ ಜಾತಿಯ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಿಶಿನ, ನೀಲಿ ಮುಂತಾದ ಸಸ್ಯಜನ್ಯ ವರ್ಣಗಳನ್ನು ಬಳಸಿದಾಗ ಮಗು ಬಾಯಿಗಿಟ್ಟರೂ ಅಪಾಯವಿಲ್ಲ. ಈ ಬೊಂಬೆಗಳಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಭೌತಶಾಸ್ತ್ರದ ಘರ್ಷಣೆ, ಸಸ್ಯಶಾಸ್ತ್ರದ ಮರ, ರಸಾಯನಶಾಸ್ತ್ರದ ವರ್ಣ, ಅರ್ಥಶಾಸ್ತ್ರದ ಬೆಲೆ ಇವೆಲ್ಲವನ್ನೂ ಒಂದು ಬುಗುರಿಯಿಂದಲೇ ಬೋಧಿಸಬಹುದಾದ ಊರು ಶಿಕ್ಷಕನಿಗೆ ಸಿಗುವುದು ಅಪರೂಪ.

ಮೂಲಶಿಕ್ಷಣ

ಪಾಶ್ಚಾತ್ಯ ದೇಶಗಳಲ್ಲಿ ಪೆಸ್ಟಲೋಜಿಯು ಆರಂಭಿಸಿದ, 1896ರಲ್ಲಿ ಷಿಕಾಗೋದಲ್ಲಿ ಪ್ರಯೋಗಶಾಲೆಯನ್ನು ತೆರೆದ ಜಾನ್ ಡ್ಯೂಯಿ ಮುಂದುವರಿಸಿದ ಕ್ರಿಯಾಪ್ರಧಾನ ಶಿಕ್ಷಣವಿಚಾರಕ್ಕೆ ಭಾರತದಲ್ಲಿ ಗ್ರಾಮೀಣ ರೂಪವನ್ನು ಕೊಟ್ಟವರು ಮಹಾತ್ಮ ಗಾಂಧಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು ಜಾಕೀರ್ ಹುಸೇನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮೂಲಶಿಕ್ಷಣವೆಂದು ಹೆಸರಾದ ಅದರ ಯೋಜನೆಯನ್ನು 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನ ಅಂಗೀಕರಿಸಿತು. ಆ ಯೋಜನೆಯ ದಿನಚರಿಯಲ್ಲಿ ಐದೂವರೆ ಗಂಟೆಗಳ ಪೈಕಿ 3 ಗಂಟೆ 20 ನಿಮಿಷ ನೂಲುವುದೇ ಮೊದಲಾದ ಮೂಲಕಸುಬಿಗೆ ಮೀಸಲಾಗಿದ್ದು, ಗಣಿತ, ಭಾಷೆ, ಸಮಾಜ, ವಿಜ್ಞಾನಗಳನ್ನು ಆ ಕಸುಬಿನ ಸುತ್ತಲೇ ಹೆಣೆಯಬೇಕೆಂದಿತ್ತು.

ಮಕ್ಕಳು ತಯಾರಿಸಿದ ವಸ್ತುಗಳ ವಿಕ್ರಯದಿಂದ ಉಪಾಧ್ಯಾಯರ ಸಂಬಳ ಹುಟ್ಟಬೇಕು ಎಂಬ ಗಾಂಧೀಜಿಯ ವಾದವೇ ಎಲ್ಲಕ್ಕಿಂತ ಹೆಚ್ಚು ವಿವಾದಕ್ಕೆ ಗುರಿಯಾಯಿತು. ಅರ್ಥಶಾಸ್ತ್ರಜ್ಞರಾದ ಕೆ. ಟಿ. ಷಾ ಅವರು ವಾರ್ಧಾ ಸಮ್ಮೇಳನದಲ್ಲಿಯೇ ಇದನ್ನು ವಿರೋಧಿಸಿದರು; ಶಾಲೆಯು ಕಾರ್ಖಾನೆಯಾದೀತು, ಮಗುವು ಕೂಲಿಯಾದೀತು ಎಂಬ ಶಂಕೆ ಅನೇಕರಲ್ಲಿ ಮೂಡಿತು. ಸಮಿತಿಯಾದರೋ, ಆದಾಯವು ಬಾರದಿದ್ದರೂ ಶಿಕ್ಷಣದೃಷ್ಟಿಯಿಂದಲೇ ಯೋಜನೆಯು ಗ್ರಾಹ್ಯವೆಂದು ಸಮರ್ಥಿಸಿತು. ಕನ್ನಡ ನಾಡಿನಲ್ಲಿ ಇದರ ಮೊದಲ ವ್ಯವಸ್ಥಿತ ಪ್ರಯೋಗ ನಡೆದುದು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ; ಆ ಪ್ರಾಂತದ ಸರ್ಕಾರ ಆರಿಸಿದ ಪ್ರಯೋಗಕ್ಷೇತ್ರಗಳಲ್ಲಿ ಕನ್ನಡದ ಕ್ಷೇತ್ರ ಅದು. ಅದೇ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಪ್ರಕೃತಿವೀಕ್ಷಣೆಗಳ ಮೂಲಕ ಮಕ್ಕಳ ಕಲಿಕೆಯ ಸ್ವತಂತ್ರ ಪ್ರಯೋಗಗಳನ್ನು ನಡೆಸಿದರು. ರಾಮನಗರ ಸೀಮೆಯಲ್ಲಿ ಗಾಂಧಿಮಾರ್ಗದ ಗ್ರಾಮೀಣ ಶಿಕ್ಷಣಕ್ಕೆ ನೆಲೆಯೊದಗಿಸಿದವರೆಂದರೆ ಕನಕಪುರದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಎಸ್. ಕರಿಯಪ್ಪನವರು.

ಕಾರ್ಯಾನುಭವದ ಕಾಲ

ಸ್ವಾತಂತ್ರ್ಯಾನಂತರ ಮೂಲಶಿಕ್ಷಣವು ಹೆಸರಿಗೆ ರಾಷ್ಟ್ರನೀತಿಯಾಗಿದ್ದರೂ ಪರೀಕ್ಷೆಯ ಪ್ರಾಬಲ್ಯದ ಮುಂದೆ ಕ್ಷೀಣಿಸಿತು. 1964–66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಪುನರ್ನಿರೂಪಿಸಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಹೊಸ ಸಂಜ್ಞೆಯನ್ನು ಕೊಟ್ಟಿತು. ಪ್ರೌಢಶಾಲೆಗಳಲ್ಲಿ ತೋಟಗಾರಿಕೆ, ಹೊಲಿಗೆ, ಬಡಗಿತನಗಳಿಗೆ ವೃತ್ತಿಶಿಕ್ಷಕರಿದ್ದರೂ ಅಂಕಪಟ್ಟಿಯ ತುದಿಯಲ್ಲಿ ಮಾತ್ರ ಸ್ಥಾನವಿದ್ದ ಈ ಕೈಕೆಲಸದ ತರಗತಿಯ ವೇಳೆಯು ಬಹುಮಟ್ಟಿಗೆ ಗಣಿತದ ಅಥವಾ ವಿಜ್ಞಾನದ ಪಾಠಕ್ಕೆ ಸಾಲವಾಗಿ ಹೋಗುತ್ತಿದ್ದಿತು. ಮಾರಾಟದ ಅಂಶವಂತೂ ಪೂರ್ಣವಾಗಿ ಕಳಚಿಹೋಯಿತು.

ಇದಕ್ಕೆ ಸ್ಥಳೀಯ ಕಾರಣವೂ ಒಂದುಂಟು. ರಾಮನಗರ, ಮಾಗಡಿಗಳ ರೇಷ್ಮೆನೂಲು ಬಿಚ್ಚುವ ಮತ್ತು ಹುರಿಮಾಡುವ ಕೇಂದ್ರಗಳಲ್ಲಿ ಸಾಲಕ್ಕೆ ಒತ್ತೆಯಿಟ್ಟ ಮಕ್ಕಳು ದುಡಿಯುತ್ತಿದ್ದುದು, ಕುದಿನೀರಿನಿಂದ ಗೂಡುಗಳನ್ನೆತ್ತುವ ಎಳೆಯ ಕೈಗಳು ಬೆಂದು ಹುಣ್ಣಾಗುತ್ತಿದ್ದುದು 1990ರ ದಶಕದಲ್ಲಿ ಮಾನವಹಕ್ಕು ಸಂಸ್ಥೆಗಳ ವರದಿಗಳಿಂದ ಜಗತ್ತಿಗೆ ತಿಳಿಯಿತು. ಬಾಲಕಾರ್ಮಿಕ ಪದ್ಧತಿಯನ್ನು ನಿಷೇಧಿಸುವ 1986ರ ಕಾಯಿದೆಯೂ 2009ರ ಶಿಕ್ಷಣ ಹಕ್ಕು ಕಾಯಿದೆಯೂ ಈ ಹಿನ್ನೆಲೆಯಲ್ಲಿ ಇಲ್ಲಿ ವಿಶೇಷ ಅರ್ಥವನ್ನು ಪಡೆದುವು. ಮಗುವನ್ನು ಕಸುಬಿನ ಕೊಟ್ಟಿಗೆಯಿಂದ ಶಾಲೆಗೆ ಕರೆತರುವುದೇ ಪರಮಕಾರ್ಯವಾಗಿದ್ದ ಕಾಲದಲ್ಲಿ, ಕಸುಬನ್ನು ಮತ್ತೆ ಶಾಲೆಯೊಳಕ್ಕೆ ತರುವುದಕ್ಕೆ ಹಿಂಜರಿದವರನ್ನು ಆಕ್ಷೇಪಿಸುವಂತಿಲ್ಲ.

ಪರಿಸರದ ಪ್ರವೇಶ

ಕೈಕೆಲಸವು ಶಾಲೆಗೆ ಮರಳಿದುದು ಪರಿಸರ ಮತ್ತು ವಿಜ್ಞಾನಗಳ ಹೆಬ್ಬಾಗಿಲಿನಿಂದ. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ತನ್ನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯಿಂದಲೂ, 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಮೊದಲಾದ ಮಕ್ಕಳ ವಿಜ್ಞಾನ ಸಮಾವೇಶದ ಮೂಲಕವೂ, ಊರಿನ ಕೆರೆ, ಬಾವಿ, ಕಸ, ಇಂಧನಗಳನ್ನು ಮಕ್ಕಳ ಸಂಶೋಧನೆಯ ವಿಷಯಗಳನ್ನಾಗಿ ಮಾಡಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ನಿರ್ದೇಶಿಸಿತು. 2001–02ರ ಹೊತ್ತಿಗೆ ರಾಷ್ಟ್ರೀಯ ಹಸಿರು ಪಡೆಯ ಯೋಜನೆಯಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ರೂಪುಗೊಂಡುವು. ಎರೆಗೊಬ್ಬರ, ಮಳೆನೀರಿನ ಸಂಗ್ರಹ, ಬೀಜದುಂಡೆ, ಬಿಸಿಯೂಟಕ್ಕೆ ಸೊಪ್ಪು ತರಕಾರಿಗಳನ್ನೊದಗಿಸುವ ಶಾಲಾ ಕೈತೋಟ ಇವು ಸಾಮಾನ್ಯ ಚಟುವಟಿಕೆಗಳಾದುವು. 2016ರಲ್ಲಿ ರಾಜ್ಯವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ ಮೇಲೆ ಬಟ್ಟೆಯ ಮತ್ತು ಕಾಗದದ ಚೀಲಗಳನ್ನು ಹೊಲಿದು ಅಂಟಿಸುವುದೂ, ಗೌರಿಹಬ್ಬದ ಹೊತ್ತಿಗೆ ಜೇಡಿಮಣ್ಣಿನ ಗಣಪತಿಯನ್ನು ತಿದ್ದುವುದೂ ಮಕ್ಕಳ ಕೈಕೆಲಸದಲ್ಲಿ ಸೇರಿದುವು.

ಮಾಗಡಿ ತಾಲ್ಲೂಕಿನ ಮಕ್ಕಳಿಗೆ ಈ ವಿಷಯದಲ್ಲಿ ದೂರದ ಆದರ್ಶವನ್ನು ಅರಸಬೇಕಾಗಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಪತಿಯೊಡನೆ 385 ಆಲದ ಸಸಿಗಳನ್ನು ನೆಟ್ಟು ನೀರು ಹೊತ್ತು ಬೆಳೆಸಿ, 2019ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಸಾಲುಮರದ ತಿಮ್ಮಕ್ಕನವರು ಈ ತಾಲ್ಲೂಕಿನಲ್ಲಿಯೇ ಬಾಳಿದವರು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ, 1994ರಲ್ಲಿ ತೆರೆದ ಜಾನಪದ ಲೋಕವು ಮರ, ಬೆತ್ತ, ಮಣ್ಣು, ನಾರುಗಳಿಂದ ರೈತರು ಮಾಡಿಕೊಂಡ ಉಪಕರಣಗಳನ್ನು ಶಾಲಾ ಪ್ರವಾಸದ ಮಕ್ಕಳಿಗೆ ಇಂದಿಗೂ ತೋರಿಸುತ್ತಿದೆ.

ಮಕ್ಕಳ ಸಂತೆ

ಮಾರುಕಟ್ಟೆಯ ಲೆಕ್ಕವನ್ನು ಮರಳಿ ತಂದುದು ಯಾವ ಸಮಿತಿಯ ವರದಿಯೂ ಅಲ್ಲ, ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಮೆಟ್ರಿಕ್ ಮೇಳವೆಂದೂ ಮಕ್ಕಳ ಸಂತೆಯೆಂದೂ ಪ್ರಸಿದ್ಧವಾದ ಸರಳ ಪದ್ಧತಿ. ತೂಕ, ಅಳತೆ, ಹಣಗಳ ಪಾಠವನ್ನು ಪ್ರತ್ಯಕ್ಷಗೊಳಿಸುವುದಕ್ಕಾಗಿ ಶಾಲೆಯ ಅಂಗಳದಲ್ಲಿ ಒಂದು ದಿನದ ಸಂತೆ ನೆರೆಯುತ್ತದೆ. ಮಕ್ಕಳು ಮನೆಯ ಹಿತ್ತಿಲಿನ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಅವರೆಕಾಯಿಗಳನ್ನೂ, ತಾವು ಬೆರೆಸಿದ ಚುರುಮುರಿ ಮಜ್ಜಿಗೆಗಳನ್ನೂ ಮುಂದಿಟ್ಟುಕೊಂಡು ಕೂರುತ್ತಾರೆ. ಪೋಷಕರೂ ಶಿಕ್ಷಕರೂ ಗಿರಾಕಿಗಳಾಗಿ ಚೌಕಾಸಿ ಮಾಡುತ್ತಾರೆ. ಅಸಲು, ಲಾಭ, ನಷ್ಟಗಳ ಲೆಕ್ಕವನ್ನು ಅದೇ ದಿನ ಪುಸ್ತಕದಲ್ಲಿ ಬರೆಯಿಸುವುದುಂಟು. ಮಧ್ಯಾಹ್ನದ ಹೊತ್ತಿಗೆ ಬಾಡಿದ ಸೊಪ್ಪಿಗೆ ಬೆಲೆಯಿಳಿಸಬೇಕಾಗಿ ಬಂದ ಬಾಲಕಿಗೆ ಬೇಡಿಕೆ ಪೂರೈಕೆಗಳ ತತ್ತ್ವವನ್ನು ಮತ್ತೆ ವಿವರಿಸಬೇಕಾಗಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿ-ಕಲಿ ಎಂಬ ಚಟುವಟಿಕೆ ಪ್ರಧಾನ ಕ್ರಮವು ಇಂಥ ಕಲಿಕೆಗೆ ಶಿಕ್ಷಕವರ್ಗದ ಮನಸ್ಸನ್ನು ಹದಗೊಳಿಸಿದ್ದಿತು.

ನವೋದ್ಯಮದ ಕಾಲ

2016ರಲ್ಲಿ ಸ್ಥಾಪಿತವಾದ ಅಟಲ್ ಇನ್ನೊವೇಷನ್ ಮಿಷನ್, 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ನೆರವಿತ್ತು, ಮಕ್ಕಳು ತಾವೇ ಬಿಚ್ಚಿ ಜೋಡಿಸಿ ಕಲಿಯುವ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯತೊಡಗಿತು. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಯು ಆಯ್ಕೆಯಾದ ವಿದ್ಯಾರ್ಥಿಯ ನೂತನ ಕಲ್ಪನೆಗೆ 10,000 ರೂಪಾಯಿಗಳನ್ನು ಕೊಡುತ್ತದೆ. ಕನ್ನಡ ನಾಡಿನ ಗಡಿಗೆ ಹೊಂದಿದ ಕುಪ್ಪಂನಲ್ಲಿ ವಿಶಾಲವಾದ ಕಲಿಕಾಕ್ಷೇತ್ರವನ್ನು ಹೊಂದಿರುವ, 1999ರಲ್ಲಿ ಹುಟ್ಟಿದ ಅಗಸ್ತ್ಯ ಪ್ರತಿಷ್ಠಾನವು ಸಂಚಾರಿ ಪ್ರಯೋಗಾಲಯಗಳಿಂದ ಕರ್ನಾಟಕದ ಹಳ್ಳಿಶಾಲೆಗಳನ್ನೂ ಮುಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರು ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರ ಮೊದಲಾದ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಸೂಚಿಸಿತು.

ಮೌಲ್ಯವಿಮರ್ಶೆ

ಈ ಇತಿಹಾಸವನ್ನು ಸಮಗ್ರವಾಗಿ ನೋಡಿದಾಗ, ಪ್ರತಿಯೊಂದು ಯುಗವೂ ಮೂರು ಅಂಗಗಳಲ್ಲಿ ಒಂದೆರಡನ್ನು ಮಾತ್ರ ಹಿಡಿದು ಉಳಿದುದನ್ನು ಕೈಬಿಟ್ಟುದು ಕಾಣುತ್ತದೆ. ಕೈಗಾರಿಕಾ ಶಾಲೆಯು ಕೌಶಲವನ್ನು ಕಲಿಸಿ ಸಾಮಾನ್ಯಶಿಕ್ಷಣದಿಂದ ದೂರವುಳಿಯಿತು. ಮೂಲಶಿಕ್ಷಣವು ಒಂದೇ ಕಸುಬನ್ನು ಎಲ್ಲ ನೆಲಗಳಿಗೂ ಹಬ್ಬಿಸಲು ಹೋಗಿ ನೂಲಿನಲ್ಲಿ ಸಿಕ್ಕಿಕೊಂಡಿತು. ಪರಿಸರಚಟುವಟಿಕೆಯು ಪ್ರದರ್ಶನದ ದಿನಕ್ಕೆ ಮುಗಿಯಿತು. ಟಿಂಕರಿಂಗ್ ಪ್ರಯೋಗಾಲಯವು ದೂರದಿಂದ ಬಂದ ಸಿದ್ಧ ಉಪಕರಣಗಳ ಪೆಟ್ಟಿಗೆಯನ್ನು ಆಶ್ರಯಿಸಿತು. ರಾಮನಗರ ಸೀಮೆಯಲ್ಲಾದರೋ ದ್ರವ್ಯಕ್ಕೆ ಕೊರತೆಯಿಲ್ಲ: ಚಿಟ್ಟೆ ಹೊರಬಿದ್ದ ಮೇಲೆ ನೂಲಿಗೆ ಬಾರದ ರೇಷ್ಮೆಗೂಡು ಹಾರವಾಗುತ್ತದೆ, ತೆಂಗಿನ ಚಿಪ್ಪು ಬಟ್ಟಲಾಗುತ್ತದೆ, ಬೊಂಬೆಯ ಕಾರ್ಖಾನೆಯಲ್ಲುಳಿದ ಹಾಲೆ ಮರದ ತುಂಡು ಮಣಿಯಾಗುತ್ತದೆ. ಈ ವಸ್ತುಗಳಿಂದ ಬಂದ ಹಣ ಮಕ್ಕಳಿಗೋ ಶಾಲೆಗೋ ಸೇರಬೇಕೇ ಹೊರತು ಮಧ್ಯವರ್ತಿಗಲ್ಲ. ಕೆಲಸದ ವೇಳೆ ಪಾಠದ ವೇಳೆಯನ್ನು ಮೀರಬಾರದು. ಕಲಿಸಲು ಬಂದ ಕುಶಲಕರ್ಮಿಗೆ ಉಪಾಧ್ಯಾಯನಿಗೆ ಸಲ್ಲುವ ಗೌರವವೂ ಸಂಭಾವನೆಯೂ ಸಲ್ಲಬೇಕು. ದುಡಿಮೆಗೂ ಕಲಿಕೆಗೂ ನಡುವಣ ಗೆರೆಯು ಎಷ್ಟು ಸುಲಭವಾಗಿ ಅಳಿಸಿಹೋಗಬಲ್ಲದೆಂಬುದನ್ನು ರೇಷ್ಮೆಯ ಕೊಟ್ಟಿಗೆಗಳಲ್ಲಿ ಕಣ್ಣಾರೆ ಕಂಡ ಈ ಸೀಮೆಗೆ, ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಇತರ ಜಿಲ್ಲೆಗಳಿಗೆ ಹೇಳಿಕೊಡುವ ಅರ್ಹತೆಯೂ ಹೊಣೆಯೂ ಉಂಟು.