ಲೆಕ್ಕ ಕೇಳಿದ ವರ್ತಕ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಹೋದವರೆಲ್ಲ ಅಲ್ಲಿನ ಏಕಶಿಲಾ ಗಣಪತಿಯನ್ನು ನೋಡಿ ಬೆರಗಾಗುತ್ತಾರೆ. ಇದೇ ಕೋಲಾರ ಜಿಲ್ಲೆಯ ಇನ್ನೊಂದು ಬೆರಗು ನೆಲದಡಿಯಲ್ಲಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಇಲ್ಲಿನ ಚಿನ್ನದ ಗಣಿಗೆ ಕೈಹಾಕಿತು. ಮೈಸೂರು ಸರ್ಕಾರಕ್ಕೆ ರಾಜಧನ ಬಂತು, ಗಣಿಗಿಳಿದವರಿಗೆ ಕೂಲಿ ಸಿಕ್ಕಿತು. ಲಾಭ ಮಾತ್ರ ಕಡಲು ದಾಟಿತು. ನಾಡಿನಿಂದ ಹೀಗೆ ಹರಿದುಹೋಗುತ್ತಿದ್ದ ಸಂಪತ್ತಿನ ಲೆಕ್ಕವನ್ನು ಆಳುವವರ ಮುಂದೆಯೇ ಇಟ್ಟವರು ಒಬ್ಬ ವರ್ತಕರು, ದಾದಾಭಾಯಿ ನವರೋಜಿ. ಅವರ ಬದುಕನ್ನು ನಾವಿಂದು ನೆನೆಯೋಣ.

1825ರಲ್ಲಿ ಬಡ ಪಾರ್ಸಿ ಪುರೋಹಿತರ ಮನೆಯಲ್ಲಿ ಹುಟ್ಟಿದ ಮಗು ನಾಲ್ಕನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡಿತು. ಓದು ಬಾರದ ತಾಯಿ ಮಾಣೆಕ್‌ಬಾಯಿ ಮಗನನ್ನು ಓದಿಸಿದರು. ಆತ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾದರು. 1855ರಲ್ಲಿ ಆ ಹುದ್ದೆ ಬಿಟ್ಟು, ಕಾಮಾ ಕಂಪನಿಯ ಪಾಲುದಾರರಾಗಿ ಇಂಗ್ಲೆಂಡಿಗೆ ಹೋದರು.

ಪರೀಕ್ಷೆ ಎದುರಾದದ್ದು ಅಲ್ಲಿಯೇ. ಕಂಪನಿಗೆ ಅಫೀಮು ಮತ್ತು ಮದ್ಯದ ವ್ಯಾಪಾರದಿಂದಲೂ ಹಣ ಬರುತ್ತಿತ್ತು. ಆ ಹಣದಲ್ಲಿ ತಮಗೆ ಪಾಲು ಬೇಡವೆಂದು ದಾದಾಭಾಯಿ ಹೊರಬಂದರು. 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ತೊಡಗಿದರು. ಜನರ ಬದುಕು ಹಾಳುಮಾಡಿ ಬರುವ ಲಾಭವನ್ನು ಅವರು ಲಾಭವೆಂದು ಬರೆದುಕೊಳ್ಳಲಿಲ್ಲ.

ಇದೇ ಅಳತೆಗೋಲನ್ನು ಅವರು ಸಾಮ್ರಾಜ್ಯಕ್ಕೂ ಹಿಡಿದರು. ಸರ್ಕಾರದ ಅಂಕಿಅಂಶಗಳನ್ನೇ ಕೂಡಿಸಿ, ಒಬ್ಬ ಭಾರತೀಯನ ವಾರ್ಷಿಕ ವರಮಾನ ಸುಮಾರು 20 ರೂಪಾಯಿ ಎಂದು ತೋರಿಸಿದರು. ಜೈಲಿನ ಕೈದಿಯ ಊಟ ಬಟ್ಟೆಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು! ಅಧಿಕಾರಿಗಳ ಸಂಬಳ, ಪಿಂಚಣಿ, ಲಾಭದ ರೂಪದಲ್ಲಿ ಸಂಪತ್ತು ಹೊರಗೆ ಸೋರುತ್ತಿರುವುದೇ ಬಡತನದ ಮೂಲವೆಂದರು.

1886ರ ಬ್ರಿಟಿಷ್ ಚುನಾವಣೆಯಲ್ಲಿ ಅವರು ಸೋತರು. ಪ್ರಧಾನಿ ಸಾಲ್ಸ್‌ಬರಿ 1888ರಲ್ಲಿ ಅವರ ಮೈಬಣ್ಣವನ್ನೆತ್ತಿ ಹೀಗಳೆದರು. ದಾದಾಭಾಯಿ ಎದೆಗುಂದಲಿಲ್ಲ. 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯ ಮತದಾರರು ಬೆರಳೆಣಿಕೆಯ ಮತಗಳ ಅಂತರದಿಂದ ಅವರನ್ನು ಸಂಸತ್ತಿಗೆ ಕಳುಹಿಸಿದರು. 1906ರಲ್ಲಿ, 81ರ ಇಳಿವಯಸ್ಸಿನಲ್ಲಿ, ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಸ್ವರಾಜ್ಯವನ್ನು ಕೇಳಿದರು. 1917ರಲ್ಲಿ ತೀರಿಕೊಂಡರು.

ನಮ್ಮ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 800 ಟನ್ ಚಿನ್ನ ಹೋದ ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು. ಬೆಂಗಳೂರಿನ ದುಡಿಮೆಗೆಂದು ನಸುಕಿನಲ್ಲೇ ರೈಲು ಹತ್ತುವ ಮಕ್ಕಳು. ಯಾರ ದುಡಿಮೆ, ಯಾರ ಲಾಭ ಎಂಬ ದಾದಾಭಾಯಿಯವರ ಪ್ರಶ್ನೆ ಇನ್ನೂ ಹಳತಾಗಿಲ್ಲ. ಅದನ್ನು ಆಳುವವರಿಗೆ ಕೇಳುವ ಮುನ್ನ ಅವರು ತಮ್ಮ ಅಂಗಡಿಯಲ್ಲಿಯೇ ಕೇಳಿಕೊಂಡಿದ್ದರು. ನಾವೂ ನಮ್ಮ ಮನೆಯ ಲೆಕ್ಕದ ಪುಸ್ತಕದಿಂದಲೇ ತೊಡಗೋಣ.