ಮನೆ ಉಳಿಸಿದ ಭಾಷೆ, ಶಾಲೆ ಹೊರಗಿಟ್ಟ ಭಾಷೆ: ಪರಾಗ್ವೆಯ ಚರಿತ್ರೆಯಿಂದ



ನಾನು ಕಾಸರಗೋಡಿನಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ಒಬ್ಬ ತಾಯಿ ಮಗನ ಟಿ.ಸಿ. ಕೇಳಲು ಬಂದಿದ್ದರು. "ಮಾಷ್ಟ್ರೇ, ಕನ್ನಡ ಮನೆಯಲ್ಲಿ ಮಾತಾಡ್ತೇವಲ್ಲ, ಅದೆಲ್ಲಿಗೆ ಹೋಗ್ತದೆ? ಶಾಲೆಯಲ್ಲಿಯೂ ಅದೇ ಯಾಕೆ?" ಎಂದರು. ನಾನು ಸಹಿ ಹಾಕಿ ಕೊಟ್ಟೆ, ಉತ್ತರ ಕೊಡಲಿಲ್ಲ. ನಿವೃತ್ತಿಯ ಬಳಿಕ ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ಚರಿತ್ರೆಯನ್ನು ಓದುತ್ತಿದ್ದಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ಅಲ್ಲಿ ಒಂದು ಜನಸಮುದಾಯ ಅದೇ ಪ್ರಶ್ನೆಯೊಡನೆ ಸುಮಾರು ಐದು ಶತಮಾನ ಬಾಳಿದೆ.

ಬ್ರೆಜಿಲ್, ಅರ್ಜೆಂಟೀನಾ, ಬೊಲಿವಿಯಾಗಳ ನಡುವಿನ ಈ ನಾಡಿಗೆ ಕಡಲ ತೀರವಿಲ್ಲ. ಇಲ್ಲಿನ ಮೂಲನಿವಾಸಿಗಳಲ್ಲಿ ಪ್ರಮುಖರು ಗ್ವಾರಾನಿಗಳು. ಅವರ ಧರ್ಮದಲ್ಲಿ ಮಾತಿಗಿರುವ ಸ್ಥಾನ ಬೆರಗು ಹುಟ್ಟಿಸುವಂಥದು. ಎಂಬ್ಯಾ ಎಂಬ ಗ್ವಾರಾನಿ ಪಂಗಡದ ಹಿರಿಯರಿಂದ ಕೇಳಿ ಬರೆದುಕೊಂಡು ಲಿಯೋನ್ ಕಾಡೊಗಾನ್ ಎಂಬ ವಿದ್ವಾಂಸರು 1959ರಲ್ಲಿ ಪ್ರಕಟಿಸಿದ 'ಅಯ್ವು ರಪ್ಯತಾ' ಗ್ರಂಥದಲ್ಲಿ, ಆದಿದೇವನು ಭೂಮಿಯನ್ನು ನಿರ್ಮಿಸುವ ಮೊದಲೇ ಮನುಷ್ಯಭಾಷೆಯ ಬುನಾದಿಯನ್ನು ಕಲ್ಪಿಸಿದನೆಂಬ ನಂಬಿಕೆಯಿದೆ. ಮಾತಿಗೂ ಆತ್ಮಕ್ಕೂ ಅವರಲ್ಲಿ ಒಂದೇ ಪದ.

1537ರಲ್ಲಿ ಸ್ಪೇನಿನವರು ಅಸುನ್ಸಿಯೋನ್ ನಗರವನ್ನು ಸ್ಥಾಪಿಸಿದರು. ಬಂದ ಗಂಡಸರು ಕೆಲವೇ ಮಂದಿ. ಅವರು ಗ್ವಾರಾನಿ ಸ್ತ್ರೀಯರೊಡನೆ ಸಂಸಾರ ಹೂಡಿದರು. ಎಷ್ಟೋ ಕಡೆ ಅದು ಬಲಾತ್ಕಾರದಿಂದಲೇ ನಡೆಯಿತು. ಹುಟ್ಟಿದ ಮಕ್ಕಳು ತಂದೆಯ ಹೆಸರನ್ನು ಪಡೆದರು, ತಾಯಿಯ ಮಾತನ್ನು ಆಡಿದರು. ಕ್ರೈಸ್ತ ಪಾದ್ರಿಗಳೂ ಜನರ ಭಾಷೆಯನ್ನೇ ಕಲಿತರು. 1609ರಿಂದ ಜೆಸ್ವಿಟರು ಕಟ್ಟತೊಡಗಿದ ನೆಲೆಗಳು ಮುಂದೆ ಮೂವತ್ತು ಊರುಗಳಾದವು. ಗ್ವಾರಾನಿಗಳ ಗುಡುಗಿನ ದೇವತೆ 'ತುಪಾ'ನ ಹೆಸರೇ ಕ್ರೈಸ್ತರ ದೇವರಿಗೂ ಹೆಸರಾಯಿತು. ರುಯಿಸ್ ದೆ ಮೊಂತೋಯಾ ಎಂಬ ಪಾದ್ರಿಯ ಗ್ವಾರಾನಿ ನಿಘಂಟು 1639ರಲ್ಲಿ, ಅಂದರೆ ನಮ್ಮ ಕಿಟ್ಟೆಲರ ನಿಘಂಟಿಗಿಂತ ಎರಡೂವರೆ ಶತಮಾನ ಮೊದಲೇ, ಅಚ್ಚಾಯಿತು. 1724ರಲ್ಲಿ ನಿಕೋಲಾಸ್ ಯಾಪುಗ್ವಾಯ್ ಎಂಬ ಗ್ವಾರಾನಿ ಮುಖಂಡನ ಧರ್ಮಗ್ರಂಥ ಅವನದೇ ಭಾಷೆಯಲ್ಲಿ ಪ್ರಕಟವಾಯಿತು. 1767ರಲ್ಲಿ ಸ್ಪೇನಿನ ದೊರೆ ಜೆಸ್ವಿಟರನ್ನು ಹೊರದೂಡಿದನು. ತ್ರಿನಿದಾದ್ ಮತ್ತು ಹೆಸೂಸ್ ಎಂಬಲ್ಲಿ ಉಳಿದಿರುವ ಅವರ ಕಟ್ಟಡಗಳ ಅವಶೇಷಗಳು 1993ರಿಂದ ವಿಶ್ವಪರಂಪರೆಯ ತಾಣಗಳಾಗಿವೆ.

1811ರಲ್ಲಿ ಸ್ವತಂತ್ರವಾದ ದೇಶವು 1864ರಿಂದ 1870ರ ತನಕ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆಗಳೊಡನೆ ಘೋರ ಯುದ್ಧ ಮಾಡಿತು. ಸೈನಿಕರ ಧೈರ್ಯಕ್ಕಾಗಿ 1867ರಲ್ಲಿ 'ಕಾಸಿಕೆ ಲಂಬಾರೆ' ಎಂಬ ಗ್ವಾರಾನಿ ಪತ್ರಿಕೆಯೇ ಹೊರಟಿತು. ಯುದ್ಧ ಮುಗಿದಾಗ ಗಂಡಸರಲ್ಲಿ ಬಹುಪಾಲು ಮಂದಿ ಬದುಕಿರಲಿಲ್ಲ. ವಿಧವೆಯರು ಹೊಲ ಉತ್ತರು, ಊರು ಕಟ್ಟಿದರು. ಅದೇ 1870ರಲ್ಲಿ ಹೊಸ ಸರಕಾರವು ಶಾಲೆಗಳಲ್ಲಿ ಗ್ವಾರಾನಿಯನ್ನು ನಿಷೇಧಿಸಿತು. ಮನೆಮಾತು ಬಾಯಿಗೆ ಬಂದರೆ ಮಕ್ಕಳಿಗೆ ಶಿಕ್ಷೆ. ಆದರೂ ಆ ತಾಯಂದಿರ ಅಡುಗೆಮನೆಗಳಲ್ಲಿ ಭಾಷೆ ಬದುಕಿತು. 1932-35ರಲ್ಲಿ ಬೊಲಿವಿಯಾದೊಡನೆ ನಡೆದ ಚಾಕೋ ಯುದ್ಧದಲ್ಲಿ, ಶತ್ರುಗಳಿಗೆ ಅರ್ಥವಾಗದಿರಲೆಂದು ಸೇನೆಯವರು ಗ್ವಾರಾನಿಯಲ್ಲೇ ಸಂದೇಶ ಕಳುಹಿಸಿದರು.

"ಹಾಗಾದರೆ ಆ ತಾಯಿ ಹೇಳಿದ್ದೇ ಸರಿಯಲ್ಲವೇ? ಮನೆ ಸಾಕಲ್ಲವೇ?" ಎಂದು ತಾವು ಕೇಳಬಹುದು. ಮನೆ ಭಾಷೆಯನ್ನು ಉಳಿಸಿತು, ನಿಜ. ಆ ಭಾಷೆಯನ್ನು ಆಡುವವರ ಮಾನವನ್ನು ಉಳಿಸಲಾಗಲಿಲ್ಲ. ದೇಶದ ಬಹುಜನರ ಮಾತು ಅದು. ಆದರೆ ನ್ಯಾಯಾಲಯ, ಜಮೀನಿನ ಪತ್ರ, ಸರಕಾರಿ ಕಚೇರಿ ಎಲ್ಲವೂ ಸ್ಪಾನಿಷ್. ಗ್ವಾರಾನಿಯೊಂದನ್ನೇ ಬಲ್ಲವನಿಗೆ 'ಗ್ವಾರಾಂಗೋ', ಅಂದರೆ ಒರಟ, ಎಂಬ ಹೀಯಾಳಿಕೆ ಕಾದಿತ್ತು.

1992ರ ಸಂವಿಧಾನವು ಗ್ವಾರಾನಿಯನ್ನು ಸ್ಪಾನಿಷಿನ ಜೊತೆಗೆ ಅಧಿಕೃತ ಭಾಷೆಯನ್ನಾಗಿಸಿ, ಮಗುವಿನ ಶಾಲಾರಂಭ ಮಾತೃಭಾಷೆಯಲ್ಲಾಗಬೇಕೆಂದು 77ನೆಯ ವಿಧಿಯಲ್ಲಿ ಹೇಳಿತು. 1994ರಲ್ಲಿ ದ್ವಿಭಾಷಾ ಶಿಕ್ಷಣ ಆರಂಭವಾಯಿತು. ಆಗ ವಿರೋಧಿಸಿದವರಲ್ಲಿ ಹೆತ್ತವರೇ ಅನೇಕರಿದ್ದರು. ಬಾಲ್ಯದಲ್ಲಿ ಆ ಭಾಷೆಗಾಗಿ ಅವಮಾನ ಉಂಡವರು ತಮ್ಮ ಮಕ್ಕಳಿಗೆ ಅದೇ ಬೇಡವೆಂದರು. ಅಲ್ಲದೆ ಪಠ್ಯಪುಸ್ತಕದ ಗ್ವಾರಾನಿ ಅವರಿಗೆ ಅಪರಿಚಿತವಾಗಿ ಕಂಡಿತು. ಮನೆಯಲ್ಲಿ ಆಡುವುದು ಸ್ಪಾನಿಷ್ ಬೆರೆತ 'ಜೋಪರಾ'. ಮೆಕ್ಕೆಜೋಳ, ಕಾಳುಗಳನ್ನು ಬೆರೆಸಿ ಬೇಯಿಸುವ ಅಡುಗೆಗೂ ಅಲ್ಲಿ ಅದೇ ಹೆಸರು. ಒಂದು ಶತಮಾನಕ್ಕೂ ಮಿಕ್ಕಿ ಶಾಲೆಯಿಂದ ಹೊರಗಿದ್ದ ಭಾಷೆ ಮರಳಿ ಬಂದಾಗ, ಅದರ ಮಕ್ಕಳೇ ಅದನ್ನು ಗುರುತಿಸಲಿಲ್ಲ.

ಅದೇ ದೇಶದ ಚಾಕೋ ಪ್ರದೇಶದಲ್ಲಿ ಇನ್ನೊಂದು ಚಿತ್ರವಿದೆ. ಕೆನಡಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಶಾಲೆ ಕಡ್ಡಾಯವಾದಾಗ, ಜರ್ಮನ್ ನುಡಿಯ ಮೆನ್ನೊನೈಟ್ ಕ್ರೈಸ್ತರು ಪರಾಗ್ವೆಯತ್ತ ನೋಡಿದರು. 1921ರ ಕಾನೂನು ಅವರಿಗೆ ಸ್ವಂತ ಧರ್ಮ, ಸ್ವಂತ ಭಾಷೆಯ ಶಾಲೆಗಳ ಭರವಸೆ ಕೊಟ್ಟಿತು. 1927ರಲ್ಲಿ ಅವರು ಅಲ್ಲಿ ನೆಲೆಯೂರಿ ಶಾಲೆಗಳನ್ನು ಕಟ್ಟಿದರು. ಆದರೆ ಆ ನೆಲ ಎನ್ಹ್ಲೆತ್ ಎಂಬ ಮೂಲನಿವಾಸಿಗಳದಾಗಿತ್ತು. ಅವರ ಭಾಷೆಗೆ ಅಂಥ ಕಾನೂನು ಅಂದು ದೊರೆಯಲಿಲ್ಲ. ಪರಾಗ್ವೆಯಲ್ಲಿ ಇಂದಿಗೂ 19 ಮೂಲನಿವಾಸಿ ಜನಾಂಗಗಳಿವೆ. ಕೆಲವರ ನುಡಿಗಳನ್ನು ಬಲ್ಲವರು ಬೆರಳೆಣಿಕೆಯಷ್ಟೇ.

ಹೆತ್ತವರೇ, ನಮ್ಮ ಮನೆಗಳಲ್ಲಿಯೂ ತುಳು, ಹವ್ಯಕ, ಕೊಂಕಣಿ, ಮರಾಟಿ ನುಡಿಗಳಿವೆ. ಇವರೆಲ್ಲರ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತದ್ದು ಕನ್ನಡ ಶಾಲೆಯಲ್ಲಿ. 1956ರ ಬಳಿಕವೂ ಆ ಶಾಲೆ ನಮ್ಮ ಕೈತಪ್ಪದಂತೆ ಹಿರಿಯರು ಕಾದುಕೊಂಡರು. ನಮ್ಮ ಸಂವಿಧಾನದ 350ಎ ವಿಧಿಯೂ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣವನ್ನು ಮಾನ್ಯ ಮಾಡಿದೆ. ಮಲಯಾಳವನ್ನೂ ಇಂಗ್ಲಿಷನ್ನೂ ಮಕ್ಕಳು ಚೆನ್ನಾಗಿ ಕಲಿಯಲಿ. ಪರಾಗ್ವೆಯವರಿಗೂ ಸ್ಪಾನಿಷ್ ಬೇಕೇ ಬೇಕು.

ಆ ತಾಯಿಗೆ ಅಂದು ಹೇಳಬೇಕಾಗಿದ್ದುದು ಇಷ್ಟೆ: ಶಾಲೆಯಿಲ್ಲದ ಮನೆಮಾತು ಉಳಿದೀತು ತಾಯೀ, ಆದರೆ ತಲೆ ತಗ್ಗಿಸಿಕೊಂಡು ಉಳಿದೀತು. ಬಿಟ್ಟುಕೊಟ್ಟ ಶಾಲೆಯನ್ನು ಮರಳಿ ಪಡೆಯಲು ಪರಾಗ್ವೆಗೆ ನೂರಿಪ್ಪತ್ತು ವರ್ಷಗಳು ಬೇಕಾದವು. ಜೂನ್ ತಿಂಗಳಲ್ಲಿ ಮಗುವಿನ ಹೆಸರು ದಾಖಲಿಸುವ ಮುನ್ನ ತಾವು ಇದನ್ನೊಮ್ಮೆ ಯೋಚಿಸಬೇಕೆಂದು ಈ ಹಳೆಯ ಮಾಷ್ಟ್ರ ವಿನಂತಿ.